ಮೂಲೆ ಸೇರಿದ ಬೆಕ್ಕಿಗೂ ಒಂದು ಮನೆ

ಬೆಕ್ಕು ಸಾಕಬೇಕೆಂದು ಪ್ರಾಣಿಗಳ ಆಶ್ರಯತಾಣಕ್ಕೆ ಹೋದವರು ಹೆಚ್ಚಾಗಿ ಮನೆಗೆ ತರುವುದು, ಕಂಬಿಯ ಹತ್ತಿರ ಬಂದು ಬೆರಳಿಗೆ ಕೆನ್ನೆ ಉಜ್ಜಿದ ಬೆಕ್ಕನ್ನು. ಗೂಡಿನ ಹಿಂಬದಿಯಲ್ಲಿ, ಎಷ್ಟೋ ಸಲ ಮರಳಿನ ಟ್ರೇಯೊಳಗೇ, ಕಿವಿ ಚಪ್ಪಟೆ ಮಾಡಿಕೊಂಡು ಮುದುಡಿ ಕೂತದ್ದು ಕಣ್ಣಿಗೇ ಬೀಳುವುದಿಲ್ಲ. ಬಿದ್ದರೂ ‘ಇದು ಸಿಡುಕಿನದು’ ಎಂದು ಮುಂದಿನ ಗೂಡಿಗೆ ಹೋಗುತ್ತಾರೆ. ಈ ಆಯ್ಕೆಯ ಪದ್ಧತಿಯೇ ಬೆಕ್ಕಿನ ಗುಣಕ್ಕೆ ಒಗ್ಗುವಂಥದ್ದಲ್ಲ. ಲಂಡನ್ನಿನ ಹೆಸರುವಾಸಿ ಬ್ಯಾಟರ್ಸೀ ಆಶ್ರಯತಾಣವನ್ನೇ ನೋಡಿ: ಮೇರಿ ಟೀಲ್ಬಿ ಎಂಬಾಕೆ 1860ರಲ್ಲಿ ಹಾಲೊವೇಯಲ್ಲಿ ಅದನ್ನು ಶುರುಮಾಡಿದ್ದು ಬೀದಿಪಾಲಾದ ನಾಯಿಗಳಿಗಾಗಿ. ಅದು ಬ್ಯಾಟರ್ಸೀಗೆ ಬಂದದ್ದು 1871ರಲ್ಲಿ, ಬೆಕ್ಕುಗಳಿಗೆ ಬಾಗಿಲು ತೆರೆದದ್ದು 1883ರಲ್ಲಿ. ಬೆಕ್ಕುಗಳಿಗೆಂದೇ ‘ಕ್ಯಾಟ್ಸ್ ಪ್ರೊಟೆಕ್ಷನ್’ ಹುಟ್ಟಲು 1927ರವರೆಗೆ ಕಾಯಬೇಕಾಯಿತು. ಅಪರಿಚಿತರ ಮುಂದೆ ಬಾಲ ಅಲ್ಲಾಡಿಸುವುದು ನಾಯಿಗೆ ಸಾಧ್ಯ. ಸ್ವಂತ ಜಾಗ ತಪ್ಪಿದ ಬೆಕ್ಕಿಗೆ ಅಡಗಿಕೊಳ್ಳುವುದೇ ವಿವೇಕ. ಹೆದರಿದ ಬೆಕ್ಕಿಗೆ ಮನೆ ಹುಡುಕುವುದು ಈಗ ಆಶ್ರಯತಾಣಗಳ ಒಳಗೆ ಬೇರೆಯದೇ ಕಸುಬಾಗಿ ಬೆಳೆದಿದೆ. ಅದರ ಸಾಕ್ಷ್ಯಗಳನ್ನೆಲ್ಲ ಒಟ್ಟಿಗಿಟ್ಟು ನೋಡಿದರೆ ನನಗೆ ಕಾಣುವುದಿಷ್ಟು: ಅಂಥ ಬೆಕ್ಕು ಸುಧಾರಿಸಿಕೊಳ್ಳುವ ಜಾಗ ಮನೆಯೇ. ಅಲ್ಲಿಯವರೆಗೆ ಅದು ಇನ್ನಷ್ಟು ಕುಗ್ಗದಂತೆ ನೋಡಿಕೊಂಡು, ಅದರ ಸ್ವಭಾವಕ್ಕೆ ಹೊಂದುವ ಮನುಷ್ಯರನ್ನು ಹುಡುಕಿಕೊಡುವುದು ಆಶ್ರಯತಾಣದ ಕೆಲಸ.

ಭಯ ಎಲ್ಲಿಂದ ಬರುತ್ತದೆ ಎಂಬುದು ಸಾಕಷ್ಟು ಸ್ಪಷ್ಟವಾಗಿದೆ. ಮರಿ ಹುಟ್ಟಿದ ಎರಡನೆಯ ವಾರದಿಂದ ಏಳನೆಯ ವಾರದವರೆಗೆ ಮನುಷ್ಯರ ಕೈ ಆಡಿದರೆ ಅದು ಮನುಷ್ಯರನ್ನು ನಂಬುತ್ತದೆ ಎಂಬುದನ್ನು ಅಮೆರಿಕದ ಐಲೀನ್ ಕಾರ್ಶ್ ಅವರ ಪ್ರಯೋಗಗಳು 1980ರ ದಶಕದಲ್ಲಿ ತೋರಿಸಿದವು. ಆ ಕೆಲವು ವಾರಗಳನ್ನು ಗೋದಾಮಿನ ಹಿಂದೆಯೋ ಚರಂಡಿಯ ಪಕ್ಕವೋ ಕಳೆದ ಮರಿಗೆ ಮುಂದೆ ಪ್ರತಿ ಕೈಯೂ ಹೊಸದೇ. ರಕ್ತದ ಪಾಲೂ ಇದೆ. 1995ರಲ್ಲಿ ಸಾಂಡ್ರಾ ಮೆಕ್ಯೂನ್ ಪ್ರಕಟಿಸಿದ ಅಧ್ಯಯನದಲ್ಲಿ ಸ್ನೇಹಪರ ಗಂಡು ಬೆಕ್ಕಿನ ಮರಿಗಳು ಹೊಸ ವಸ್ತು, ಹೊಸ ಜನರ ಎದುರು ಹೆಚ್ಚು ಧೈರ್ಯ ತೋರಿದವು. ಮರಿ ಸಾಕುವುದರಲ್ಲಿ ಗಂಡು ಬೆಕ್ಕು ಕೈಹಾಕುವುದಿಲ್ಲವಾದ್ದರಿಂದ ಇದನ್ನು ಕಲಿಕೆ ಎನ್ನಲು ಬರುವುದಿಲ್ಲ. ಮೂರನೆಯ ಬಗೆಯೊಂದಿದೆ. ಹತ್ತು ವರ್ಷ ಒಬ್ಬರ ಮಡಿಲಲ್ಲೇ ಬೆಳೆದು, ಅವರು ತೀರಿಕೊಂಡ ಮೇಲೆ ನಾಯಿ ಬೊಗಳುವ, ಫಿನಾಯಿಲ್ ವಾಸನೆಯ ಕಟ್ಟಡಕ್ಕೆ ಬಂದು ಬಿದ್ದ ಬೆಕ್ಕು ಅದು. ಕಾಡುಬೆಕ್ಕಿನ ಹಾಗೆ ಬುಸುಗುಟ್ಟುವ ಇದಕ್ಕೂ ನಿಜವಾಗಿ ಮನುಷ್ಯರ ಸಹವಾಸವೇ ಕಾಣದ ಬೆಕ್ಕಿಗೂ ಮೊದಲ ದಿನ ವ್ಯತ್ಯಾಸ ತಿಳಿಯುವುದಿಲ್ಲ. ಅದಕ್ಕಾಗಿಯೇ ಅಮೆರಿಕದ ಎಎಸ್‌ಪಿಸಿಎ ಸಂಸ್ಥೆಯ ಸಂಶೋಧಕರು ರೂಪಿಸಿದ ಪರೀಕ್ಷಾಕ್ರಮದಲ್ಲಿ ಮೂರು ದಿನಗಳ ಅವಧಿಯಲ್ಲಿ ಮತ್ತೆ ಮತ್ತೆ ನೋಡಿ ತೀರ್ಮಾನಿಸುತ್ತಾರೆ.

ಗೂಡಿನೊಳಗಿನ ಉಪಚಾರ ನೋಡಲು ತೀರ ಸರಳ. ಮೊದಲನೆಯದು ಒಂದು ರಟ್ಟಿನ ಡಬ್ಬಿ. ನೆದರ್ಲೆಂಡ್ಸಿನ ಆಶ್ರಯತಾಣವೊಂದಕ್ಕೆ ಹೊಸದಾಗಿ ಬಂದ 19 ಬೆಕ್ಕುಗಳಲ್ಲಿ 10ಕ್ಕೆ ಅಡಗಲು ಡಬ್ಬಿ ಕೊಟ್ಟು 9ಕ್ಕೆ ಕೊಡದೆ ನೋಡಿದ ಅಧ್ಯಯನ 2014ರಲ್ಲಿ ಪ್ರಕಟವಾಯಿತು. ಡಬ್ಬಿ ಸಿಕ್ಕವು ಮೂರನೆಯ ದಿನದ ಹೊತ್ತಿಗೇ ಒಂದು ನೆಲೆಗೆ ಬಂದವು, ಸಿಗದವಕ್ಕೆ ಸುಮಾರು ಎರಡು ವಾರ ಹಿಡಿಯಿತು. ‘ಡಬ್ಬಿಯೊಳಗೆ ಸೇರಿದರೆ ಬಂದವರು ನೋಡುವುದು ಹೇಗೆ?’ ಎಂಬ ಹಳೆಯ ತಕರಾರಿಗೆ ಇಲ್ಲಿ ಉತ್ತರ ಇದೆ: ಅಡಗಲು ಜಾಗ ಇದೆ ಎಂದು ಗೊತ್ತಾದ ಬೆಕ್ಕೇ ಹೊರಗೆ ಇಣುಕುತ್ತದೆ. ಉಳಿದದ್ದೆಲ್ಲ ಇದರ ಮುಂದುವರಿಕೆ. ಗೂಡನ್ನು ನೆಲಮಟ್ಟದಿಂದ ಎತ್ತರದಲ್ಲಿಡುವುದು, ಅರ್ಧ ಭಾಗಕ್ಕೆ ಬಟ್ಟೆ ಇಳಿಬಿಡುವುದು, ಎರಡು ಗೂಡುಗಳ ನಡುವೆ ಕಿಂಡಿ ಕೊರೆದು ಊಟ ಒಂದರಲ್ಲಿ, ಮರಳಿನ ಟ್ರೇ ಇನ್ನೊಂದರಲ್ಲಿ ಇಡುವುದು, ದಿನಾ ಎಲ್ಲವನ್ನೂ ತೊಳೆದು ಬೆಕ್ಕಿನದೇ ವಾಸನೆಯನ್ನು ಅಳಿಸಿಹಾಕುವ ಬದಲು ಕೊಳೆಯಾದಷ್ಟನ್ನೇ ಒರೆಸುವುದು.

ಆಮೇಲೆ ಮನುಷ್ಯ. ದಿನವೂ ಅದೇ ವ್ಯಕ್ತಿ, ಅದೇ ಹೊತ್ತಿಗೆ, ಎದುರು ನಿಲ್ಲದೆ ಪಕ್ಕಕ್ಕೆ ತಿರುಗಿ ಕೂರುತ್ತಾರೆ. ಉದ್ದ ಹಿಡಿಯ ಚಮಚದಲ್ಲಿ ರುಚಿಯಾದದ್ದೇನೋ ಇರುತ್ತದೆ. ಬಿಸಿ ಹಾಲಿಗೆ ಮೂತಿ ಸುಟ್ಟುಕೊಂಡು, ಮುಂದೆ ಹಾಲು ಕಂಡರೇ ಓಡುತ್ತಿದ್ದ ತೆನಾಲಿ ರಾಮಕೃಷ್ಣನ ಬೆಕ್ಕಿನ ಕಥೆ ನಮಗೆಲ್ಲ ಗೊತ್ತು. ಇಲ್ಲಿ ನಡೆಯುವುದು ಅದೇ ಪಾಠ, ತಿರುವುಮುರುವಾಗಿ. ವ್ಯತ್ಯಾಸವೆಂದರೆ ಆ ಪಾಠಕ್ಕೆ ಒಂದೇ ಬಟ್ಟಲು ಸಾಕಾಯಿತು, ಇದಕ್ಕೆ ಅನೇಕ ಚಮಚ ಬೇಕು. ಬ್ರಿಟನ್ನಿನ ಸಸೆಕ್ಸ್ ವಿಶ್ವವಿದ್ಯಾಲಯದವರು 2020ರಲ್ಲಿ ಇನ್ನೊಂದನ್ನು ಗುರುತಿಸಿದರು: ಮನುಷ್ಯ ಕಣ್ಣನ್ನು ಅರೆಮುಚ್ಚಿ ನಿಧಾನ ಮಿಟುಕಿಸಿದರೆ ಬೆಕ್ಕೂ ಹಾಗೇ ಮಾಡುತ್ತದೆ. ಆಶ್ರಯತಾಣದಲ್ಲಿ ಹೀಗೆ ಹೆಚ್ಚು ಮರುಮಿಟುಕಿಸಿದ ಬೆಕ್ಕುಗಳಿಗೆ ಬೇಗ ಮನೆ ಸಿಕ್ಕಿತು. ಅಂಜುಬುರುಕ ಬೆಕ್ಕುಗಳೇ ಹೆಚ್ಚು ಹೊತ್ತು ಹಾಗೆ ಕಣ್ಣು ಕಿರಿದುಗೊಳಿಸಿದ್ದು ಕಂಡುಬಂತು. ಬೆಕ್ಕು ಕಣ್ಣು ಮುಚ್ಚುವುದು ಹಾಲು ಕದಿಯಲಿಕ್ಕೇ ಎಂದು ಗಾದೆ ಕಟ್ಟಿದ ನಾವು ಈ ಮಾತಿಗೆ ಸ್ವಲ್ಪ ಕಿವಿಗೊಡಬಹುದು.

ಇದಕ್ಕೆ ಬರುವ ಆಕ್ಷೇಪಗಳಲ್ಲಿ ಗಟ್ಟಿಯಾದದ್ದು ಲೆಕ್ಕಾಚಾರದ್ದು. ಜಾಗ ಕಡಿಮೆ, ಕೈ ಕಡಿಮೆ. ಒಂದು ಹೆದರುಪುಕ್ಕಲ ಬೆಕ್ಕಿಗೆ ಕೊಡುವ ಸಮಯದಲ್ಲಿ ನಾಲ್ಕು ಸಾಧು ಬೆಕ್ಕುಗಳಿಗೆ ಮನೆ ಸಿಗುತ್ತದಲ್ಲ? ಈ ಪ್ರಶ್ನೆಯನ್ನು ಕರುಣೆಯ ಮಾತಿನಿಂದ ಮುಚ್ಚಿಹಾಕುವುದು ಸರಿಯಲ್ಲ, ಲೆಕ್ಕದಲ್ಲೇ ಉತ್ತರಿಸಬೇಕು. ಭಯ ತಾನೇ ಖರ್ಚಿನ ಬಾಬತ್ತು. ಎಷ್ಟೋ ಬೆಕ್ಕುಗಳ ಮೈಯಲ್ಲಿ ಸುಪ್ತವಾಗಿರುವ ಹರ್ಪಿಸ್ ವೈರಸ್ ಒತ್ತಡ ಹೆಚ್ಚಿದಾಗ ಎದ್ದುಬಂದು ಸೀನು, ಕಣ್ಣಿನ ಸೋಂಕುಗಳಾಗಿ ಸಾಲಿಡೀ ಹರಡುತ್ತದೆ. ಕೆನಡಾದಲ್ಲಿ ನಾಡಿನ್ ಗೂರ್ಕೊ ಮತ್ತು ಸಂಗಡಿಗರು ಹೊಸದಾಗಿ ಬಂದ ಆತಂಕಿತ ಬೆಕ್ಕುಗಳನ್ನು 10 ದಿನ, ದಿನಕ್ಕೆ ನಾಲ್ಕು ಬಾರಿ, ಬಾರಿಗೆ 10 ನಿಮಿಷ ಮೃದುವಾಗಿ ಸವರಿ ಮಾತಾಡಿಸಿದಾಗ ಅವುಗಳಲ್ಲಿ ಉಸಿರಾಟದ ಸೋಂಕು ಕಡಿಮೆಯಾಯಿತು. ಇನ್ನು ಜಾಗದ ಮಾತು. ಗೂಡಿನಲ್ಲೇ ತಿಂಗಳುಗಟ್ಟಲೆ ಕೂರಿಸಿ ಬೆಕ್ಕನ್ನು ‘ತಯಾರು’ ಮಾಡಲು ಹೊರಟರೆ ಜಾಗ ಹಿಡಿಯುತ್ತದೆ, ನಿಜ. ಸ್ವಯಂಸೇವಕರ ಮನೆಯ ಒಂದು ಖಾಲಿ ಕೋಣೆಗೆ ಅದನ್ನು ಬೇಗ ಕಳಿಸಿದರೆ ಗೂಡೂ ಖಾಲಿ, ಬೆಕ್ಕಿನ ನಿಜಗುಣವೂ ಬಯಲು. ಸೋಫಾದ ಮೇಲೆ ಕಾಲು ಚಾಚಿ ಮಲಗಿದ ವಿಡಿಯೊ ಕಂಬಿಯ ಹಿಂದಿನ ಫೋಟೊಗಿಂತ ಹೆಚ್ಚು ಸತ್ಯ ಹೇಳುತ್ತದೆ.

ಎರಡನೆಯ ಆಕ್ಷೇಪ: ಇಂಥ ಬೆಕ್ಕನ್ನು ದಾಟಿಸಿದರೆ ಒಯ್ದವರು ಬೇಸತ್ತು ವಾಪಸ್ ತರುತ್ತಾರೆ. ಮುಚ್ಚಿಟ್ಟು ಕೊಟ್ಟರೆ ತಂದೇ ತರುತ್ತಾರೆ. ಎಎಸ್‌ಪಿಸಿಎಯ ‘ಫೀಲಿನಾಲಿಟಿ’ ಕ್ರಮ ಈ ಕಾರಣಕ್ಕೆ ಗಮನಾರ್ಹ. ಬೆಕ್ಕುಗಳನ್ನು ಧೈರ್ಯ, ಸಂಗಪ್ರಿಯತೆಗಳ ಅಳತೆಯಲ್ಲಿ ಒಂಬತ್ತು ಬಗೆಯಾಗಿಸಿ ನೇರಳೆ, ಕಿತ್ತಳೆ, ಹಸಿರು ಎಂದು ಗುರುತು ಹಾಕುತ್ತಾರೆ. ಸಾಕಲು ಬಂದವರೂ ತಮ್ಮ ಮನೆಯ ಗದ್ದಲ, ಮಕ್ಕಳು, ನಿರೀಕ್ಷೆಗಳ ಬಗ್ಗೆ ಪ್ರಶ್ನಾವಳಿ ತುಂಬಿ ತಮ್ಮ ಬಣ್ಣ ತಿಳಿದುಕೊಳ್ಳುತ್ತಾರೆ. ನೇರಳೆ ಗುಂಪಿನ ಸಂಕೋಚದ ಬೆಕ್ಕುಗಳಿಗೆ ‘ಪತ್ತೇದಾರ’, ‘ಗುಟ್ಟಿನ ಅಭಿಮಾನಿ’ ಎಂಬ ಅರ್ಥದ ಹೆಸರುಗಳಿವೆ. ಹೆಸರು ಸ್ವಲ್ಪ ಅಂಗಡಿಯ ಚೀಟಿಯಂತಿದೆ ಎಂದು ಒಪ್ಪಿಕೊಂಡರೂ, ‘ಮಡಿಲಿಗೆ ಬರುವುದಿಲ್ಲ, ರಾತ್ರಿ ಹೊತ್ತು ಕಾಲಬುಡದಲ್ಲಿ ಮಲಗೀತು’ ಎಂದು ಮೊದಲೇ ಹೇಳಿಸಿಕೊಂಡವರಿಗೆ ದೂರಲು ಕಾರಣ ಕಡಿಮೆ. ಸದ್ದಿಲ್ಲದ ಮನೆ, ಮನೆಯಲ್ಲೇ ಕೂತು ಕೆಲಸ ಮಾಡುವವರು, ನಿವೃತ್ತರು, ಈಗಾಗಲೇ ಒಂದು ಧೈರ್ಯದ ಬೆಕ್ಕು ಇರುವ ಮನೆ ಇವೆಲ್ಲ ಇಂಥ ಬೆಕ್ಕಿಗೆ ಹೇಳಿಮಾಡಿಸಿದವು.

ಮನುಷ್ಯರ ಕೈಯನ್ನೇ ಕಾಣದೆ ಬೆಳೆದು ಮುದಿಯಾದ ಬೆಕ್ಕನ್ನು ಒಳಗೆ ಕೂಡಿಹಾಕುವುದು ಹಿಂಸೆಯಲ್ಲವೇ ಎಂದರೆ, ಹೌದು. ಅಂಥದಕ್ಕೆ ಸಂತಾನಹರಣ ಚಿಕಿತ್ಸೆ ಮಾಡಿ, ಗುರುತಿಗೆ ಕಿವಿಯ ತುದಿ ಕತ್ತರಿಸಿ, ಬಂದಲ್ಲಿಗೇ ಬಿಡುವುದು ಮೇಲು. ಅಮೆರಿಕದ ಹಲವು ಆಶ್ರಯತಾಣಗಳು ಅವನ್ನು ಇಲಿ ಕಾಯಲು ತೋಟದ ಕೊಟ್ಟಿಗೆಗಳಿಗೂ ಕೊಡುತ್ತವೆ. ಮಲೆನಾಡಿನ ತೋಟದ ಮನೆಗಳನ್ನು ಬಲ್ಲವರಿಗೆ ಇದು ಹೊಸತೇನಲ್ಲ. ಅಟ್ಟದಲ್ಲಿ ಮಲಗುವ, ಹಾಲು ಕರೆಯುವ ಹೊತ್ತಿಗೆ ಹಾಜರಾಗುವ, ಯಾರ ಕೈಗೂ ಸಿಗದ ಬೆಕ್ಕನ್ನು ಅಲ್ಲಿ ‘ನಮ್ಮನೆ ಬೆಕ್ಕು’ ಎಂದೇ ಕರೆಯುತ್ತಾರೆ. ಎತ್ತಿ ಮುದ್ದಾಡಲು ಬಂದರೆ ಮಾತ್ರ ಸಾಕುಬೆಕ್ಕು ಎಂಬ ಕಲ್ಪನೆ ಫ್ಲ್ಯಾಟ್‌ಗಳ ಕಾಲದ್ದು. ಆ ಕಲ್ಪನೆ ಸ್ವಲ್ಪ ಸಡಿಲಾದರೂ ಬೆಂಗಳೂರಿನಂಥ ಊರಿನಲ್ಲಿ ದತ್ತು ಹೋಗದೆ ಉಳಿಯುವ ಅನೇಕ ಬೆಕ್ಕುಗಳಿಗೆ ಮನೆ ಸಿಕ್ಕೀತು. ಆದರೆ ತೋಟದ ಮನೆಯ ಬೆಕ್ಕಿಗೆ ಓಡಿಹೋಗಲು ಅಂಗಳವಿತ್ತು, ನಾಲ್ಕನೆಯ ಮಹಡಿಯ ಬೆಕ್ಕಿಗೆ ಅದಿಲ್ಲ. ಗಾಬರಿಬಿದ್ದ ಬೆಕ್ಕು ಬಾಲ್ಕನಿಯಿಂದಲೂ ಹಾರುತ್ತದೆ. ಹಾಗಾಗಿ ಬೆಕ್ಕು ಬರುವ ಮುಂಚೆಯೇ ಕಿಟಕಿ, ಬಾಲ್ಕನಿಗಳಿಗೆ ಜಾಲರಿ ಬಿಗಿಸಬೇಕು. ಮೊದಲ ಕೆಲವು ವಾರ ಅದಕ್ಕೆ ಒಂದೇ ಕೋಣೆ ಸಾಕು, ಅದರಲ್ಲಿ ಒಂದು ಡಬ್ಬಿ, ಆಶ್ರಯತಾಣದಿಂದ ಜೊತೆಗೇ ತಂದ ತೊಳೆಯದ ಬಟ್ಟೆ, ಊಟದಿಂದ ದೂರದಲ್ಲಿ ಮರಳಿನ ಟ್ರೇ. ಮಂಚದ ಕೆಳಗಿನಿಂದ ಎಳೆಯಬಾರದು. ನೋಡಲು ಬರುವ ನೆಂಟರನ್ನು ಮುಂದಿನ ತಿಂಗಳಿಗೆ ಹಾಕಬೇಕು. ಇಡೀ ಒಂದು ದಿನ ಏನೂ ತಿನ್ನದಿದ್ದರೆ ಮಾತ್ರ ಕಾಯುತ್ತ ಕೂರದೆ ಪಶುವೈದ್ಯರಿಗೆ ಫೋನ್ ಮಾಡಬೇಕು.