ಇಂಗ್ಲಿಷ್ ಪತ್ರ ಬರೆಯುವಾಗ: ಯಾವ ಕ್ರಿಯಾಪದಕ್ಕೆ ಯಾವ ಪ್ರಿಪೊಸಿಷನ್?

ಕೆಲವು ವರ್ಷಗಳ ಹಿಂದೆ ನಮ್ಮ ಪರಿಚಯದ ಒಂದು ಧರ್ಮಕೇಂದ್ರದಲ್ಲಿ ಹಳೆಯ ಸಭಾಭವನದ ಹಂಚಿನ ಮಾಡು ಸೋರುತ್ತಿತ್ತು. ಮಾಡನ್ನು ಪೂರ್ತಿ ಬಿಚ್ಚಿ ಹೊಸದಾಗಿ ಮಾಡುವುದೇ ಒಳ್ಳೆಯದೆಂದು ಕಂಟ್ರಾಕ್ಟರರು ಬರೆದು ತಿಳಿಸಿದರು. ಪಾಲನಾ ಮಂಡಳಿಯವರಿಗೂ ಹಾಗೇ ಅನಿಸಿತ್ತು, ಆದರೆ ಹಣದ ವಿಷಯ ಇನ್ನೂ ತೀರ್ಮಾನವಾಗಿರಲಿಲ್ಲ. 'ನೀವು ಹೇಳುವುದು ಸರಿ' ಎಂದಷ್ಟೇ ತಿಳಿಸುವ ಉದ್ದೇಶದಿಂದ 'ವಿ ಅಗ್ರೀ ಟು ಯುವರ್ ಪ್ರೊಪೋಸಲ್' ಎಂದು ಉತ್ತರ ಬರೆದರು. ವಾರದೊಳಗೆ ಪಕ್ಕಾಸು, ರೀಪುಗಳ ಮರ ಬಂದು ಅಂಗಳದಲ್ಲಿ ಬಿತ್ತು! ಕಂಟ್ರಾಕ್ಟರರ ತಪ್ಪು ಏನೂ ಇರಲಿಲ್ಲ. 'ಅಗ್ರೀ ವಿತ್' ಎಂದರೆ ನಿಮ್ಮ ಅಭಿಪ್ರಾಯವೇ ನಮ್ಮದೂ ಎಂದರ್ಥ. 'ಅಗ್ರೀ ಟು' ಎಂದರೆ 'ಆಗಲಿ, ಮಾಡಿ' ಎಂಬ ಒಪ್ಪಿಗೆ. ಮೂರು ವಾರ ಮಾತುಕತೆ ನಡೆದು, ಸಾಗಾಟದ ಖರ್ಚನ್ನು ಮಂಡಳಿಯೇ ಕೊಟ್ಟ ಮೇಲೆ ಆ ಮರ ಹಿಂದೆ ಹೋಯಿತು.

ಪತ್ರ ಬರೆದ ಕಾರ್ಯದರ್ಶಿಯವರು ಕಲಿತವರೇ. ಆದರೆ ಯೋಚಿಸಿದ್ದು ಕನ್ನಡದಲ್ಲಿ. ನಾವು 'ಮಾತಿಗೆ ಒಪ್ಪಿದೆ' ಎನ್ನುತ್ತೇವೆ, 'ಕೆಲಸಕ್ಕೆ ಒಪ್ಪಿದೆ' ಎಂದೂ ಎನ್ನುತ್ತೇವೆ. ಎರಡು ಕಡೆಯೂ ಅದೇ ಚತುರ್ಥಿ ವಿಭಕ್ತಿ. ನಮ್ಮ ಹೆಚ್ಚಿನ ತಪ್ಪುಗಳ ಮೂಲ ಇಲ್ಲಿಯೇ ಇದೆ ಎಂದು ನಮಗೆ ತೋರುತ್ತದೆ.

ಇಂಗ್ಲಿಷಿನಲ್ಲಿ ಸಂಬಂಧ ತೋರಿಸುವ ಪದ ನಾಮಪದದ ಮುಂಚೆ ಬರುತ್ತದೆ. ಕನ್ನಡದಲ್ಲಿ ಅದು ನಾಮಪದದ ಬೆನ್ನಿಗೆ ಪ್ರತ್ಯಯವಾಗಿ ಅಂಟಿಕೊಳ್ಳುತ್ತದೆ. ತುಳು, ಕೊಂಕಣಿಯಲ್ಲೂ ಅಷ್ಟೇ. ಸ್ಥಳ ಬದಲಾಗುವುದು ದೊಡ್ಡ ತೊಂದರೆಯಲ್ಲ, ಲೆಕ್ಕ ತಾಳೆಯಾಗದಿರುವುದೇ ತೊಂದರೆ. 'ಮಂಗಳೂರಿಗೆ ಹೋದೆ' ಎನ್ನುವಾಗಿನ 'ಗೆ' ಇಂಗ್ಲಿಷಿನಲ್ಲಿ 'ಟು' ಆಗುತ್ತದೆ. 'ಮಗನಿಗೆ ಅಂಗಿ ತಂದೆ' ಎನ್ನುವಲ್ಲಿ ಅದೇ 'ಗೆ' 'ಫಾರ್' ಆಗುತ್ತದೆ. 'ಐದು ಗಂಟೆಗೆ ಬಂದೆ' ಎಂದರೆ 'ಅಟ್'. 'ಗೋಡೆಗೆ ಒರಗಿದೆ' ಎಂದರೆ 'ಅಗೇನ್‌ಸ್ಟ್'. 'ಮನೆಗೆ ತಲುಪಿದೆ' ಎನ್ನುವಲ್ಲಿ 'ರೀಚ್' ಬಳಸಿದರೆ ಏನೂ ಬೇಡ; 'ರೀಚ್ಡ್ ಟು ದ ಹೌಸ್' ತಪ್ಪು. ಒಂದು 'ಗೆ' ಐದು ದಾರಿ ಹಿಡಿಯಿತು. ಆದುದರಿಂದ ಪ್ರತ್ಯಯವನ್ನು ಅನುವಾದಿಸಲು ಹೊರಟರೆ ಐದರಲ್ಲಿ ನಾಲ್ಕು ಸಲ ಎಡವುತ್ತೇವೆ.

ಕೊಂಕಣಿಯಲ್ಲಿ 'ಮ್ಹಾಕಾ ಸಾಂಗ್' ಎನ್ನುವವರು 'ಟೆಲ್ ಟು ಮಿ' ಎಂದು ಬರೆಯುವುದು ಸಹಜ. ಆದರೆ 'ಟೆಲ್' ಪದಕ್ಕೆ 'ಟು' ಬೇಡ, 'ಸೇ' ಪದಕ್ಕೆ ಬೇಕು. 'ಎಕ್ಸ್‌ಪ್ಲೇನ್' ಪದಕ್ಕೂ ಬೇಕು. 'ಪ್ಲೀಸ್ ಎಕ್ಸ್‌ಪ್ಲೇನ್ ಮಿ ದ ರೂಲ್' ಎಂದು ಬರೆಯಬಾರದು, 'ಎಕ್ಸ್‌ಪ್ಲೇನ್ ದ ರೂಲ್ ಟು ಮಿ' ಎನ್ನಬೇಕು. ಹಾಗೆಯೇ ನಾವು 'ಅವನ ಸಂಗಡ ಮದುವೆಯಾಯಿತು' ಎನ್ನುವುದರಿಂದ ಮದುವೆಯ ಸುದ್ದಿಗಳಲ್ಲಿ 'ಮ್ಯಾರೀಡ್ ವಿತ್' ಕಾಣಿಸಿಕೊಳ್ಳುತ್ತದೆ. ಇಂಗ್ಲಿಷಿನವರಿಗೆ ಅದು 'ಮ್ಯಾರೀಡ್ ಟು'. ಪರಭಾಷೆ ಕಲಿಯುವವರ ಈ ಕಷ್ಟ ನಮ್ಮೂರಿಗೆ ಹೊಸದಲ್ಲ. ಇಟಲಿಯಿಂದ ಬಂದ ಜೆಸ್ವಿತ್ ಗುರು ಮಾಫೆಯಿ ಅವರು ಕೊಂಕಣಿ ಕಲಿತು, 1882ರಲ್ಲಿ ಮಂಗಳೂರಿನಲ್ಲಿ ಕೊಂಕಣಿ ವ್ಯಾಕರಣವನ್ನು ಇಂಗ್ಲಿಷಿನಲ್ಲಿ ಪ್ರಕಟಿಸಿದರು. ಅವರಿಗೆ ನಮ್ಮ ಪ್ರತ್ಯಯಗಳು ಎಷ್ಟು ಕಾಡಿದವೋ!

ನಮ್ಮ ಕಚೇರಿ ಪತ್ರಗಳಲ್ಲಿ ಅತಿ ಹೆಚ್ಚು ಕಾಣಸಿಗುವ ತಪ್ಪು ಇನ್ನೊಂದು ಬಗೆಯದು. ಇದನ್ನು ಸ್ವಲ್ಪ ನಿಧಾನವಾಗಿ ನೋಡೋಣ. 'ಡಿಸ್ಕಸ್' ಎಂಬ ಕ್ರಿಯಾಪದದಲ್ಲೇ 'ಬಗ್ಗೆ' ಎಂಬ ಅರ್ಥ ಅಡಗಿದೆ. ಆದುದರಿಂದ 'ವಿ ಡಿಸ್ಕಸ್ಡ್ ದ ಫೀಸ್ಟ್' ಎಂದರೆ ಸಾಕು. 'ಡಿಸ್ಕಸ್ಡ್ ಅಬೌಟ್' ತಪ್ಪು. ಆದರೆ ಅದರ ನಾಮಪದ 'ಡಿಸ್ಕಷನ್' ಬಂದರೆ ಕತೆಯೇ ಬೇರೆ. 'ವಿ ಹ್ಯಾಡ್ ಎ ಡಿಸ್ಕಷನ್ ಅಬೌಟ್ ದ ಫೀಸ್ಟ್' ಎನ್ನಲೇಬೇಕು. 'ರಿಕ್ವೆಸ್ಟ್' ಪದವೂ ಹೀಗೆಯೇ. ಕ್ರಿಯಾಪದವಾದಾಗ 'ವಿ ರಿಕ್ವೆಸ್ಟ್ ಯುವರ್ ಹೆಲ್ಪ್', ನಾಮಪದವಾದಾಗ 'ಅವರ್ ರಿಕ್ವೆಸ್ಟ್ ಫಾರ್ ಹೆಲ್ಪ್'. 'ವಿ ರಿಕ್ವೆಸ್ಟ್ ಫಾರ್ ಯುವರ್ ಹೆಲ್ಪ್' ಎಂದು ಬರೆಯುವಾಗ ನಾವು ನಾಮಪದದ ಬಾಲವನ್ನು ತಂದು ಕ್ರಿಯಾಪದಕ್ಕೆ ಕಟ್ಟುತ್ತೇವೆ. ಕುರ್ಚಿಗಳನ್ನು ತರಿಸುವಾಗ 'ವಿ ಆರ್ಡರ್ಡ್ 200 ಚೇರ್ಸ್' ಸರಿ, 'ವಿ ಪ್ಲೇಸ್ಡ್ ಎನ್ ಆರ್ಡರ್ ಫಾರ್ 200 ಚೇರ್ಸ್' ಕೂಡ ಸರಿ. 'ಎಂಫಸೈಜ್' ಎಂದಾಗ 'ಆನ್' ಬೇಡ, 'ಎಂಫಸಿಸ್' ಎಂದಾಗ ಬೇಕು. ಪ್ರವಚನದ ವರದಿ ಬರೆಯುವವರು ಇದನ್ನು ಗಮನಿಸಬೇಕೆಂದು ವಿನಂತಿ, ಏಕೆಂದರೆ ಇಂಥ ಪ್ರತಿ ಮೂರನೆಯ ವರದಿಯಲ್ಲಿ 'ಎಂಫಸೈಜ್ಡ್ ಆನ್' ಇದ್ದಂತೆ ನಮಗೆ ಅನಿಸುತ್ತದೆ.

ಬಲಿಪೂಜೆಗೆ ಹಾಜರಾದುದನ್ನು 'ಅಟೆಂಡೆಡ್ ಮಾಸ್' ಎನ್ನಬೇಕು. ಅಲ್ಲಿ 'ಟು' ಸೇರಿಸಿದರೆ ಅರ್ಥವೇ ಬೇರೆಯಾಗುತ್ತದೆ. 'ಅಟೆಂಡ್ ಟು' ಎಂದರೆ ಗಮನ ಕೊಟ್ಟು ನೋಡಿಕೊಳ್ಳುವುದು. ಕೊಲ್ಲಿ ದೇಶಗಳಿಗೆ ಅರ್ಜಿ ಹಾಕುವ ನಮ್ಮ ದಾದಿಯರು 'ಐ ಅಟೆಂಡೆಡ್ ಟು ಪೇಷಂಟ್ಸ್' ಎಂದು ಬರೆದರೆ ರೋಗಿಗಳ ಆರೈಕೆ ಮಾಡಿದ್ದು ಸ್ಪಷ್ಟವಾಗುತ್ತದೆ. ಆದರೆ ಅದೇ ಅರ್ಜಿಯಲ್ಲಿ ತರಬೇತಿ ಶಿಬಿರದ ವಿಷಯ ಬಂದಾಗ 'ಟು' ಬಿಡಬೇಕು. ಚರ್ಚಿನೊಳಗೆ ಹೋಗುವುದು 'ಎಂಟರ್ ದ ಚರ್ಚ್'. ಕರಾರು ಮಾಡಿಕೊಳ್ಳುವುದು ಮಾತ್ರ 'ಎಂಟರ್ ಇಂಟು ಎನ್ ಅಗ್ರೀಮೆಂಟ್'.

ಇನ್ನು ಬೇಕಾದಲ್ಲಿ ಬಿಟ್ಟುಬಿಡುವ ತಪ್ಪು. ಸಮಾರಂಭದ ಅಧ್ಯಕ್ಷತೆ ವಹಿಸಿದರು ಎನ್ನಲು 'ಪ್ರಿಸೈಡೆಡ್ ದ ಫಂಕ್ಷನ್' ಸಾಲದು, 'ಪ್ರಿಸೈಡೆಡ್ ಓವರ್' ಆಗಬೇಕು. 'ದ ಹೌಸ್ ಹಿ ಲಿವ್ಸ್' ಎಂದು ನಿಲ್ಲಿಸಬಾರದು, ಕೊನೆಗೆ 'ಇನ್' ಬೇಕು. ವಾಕ್ಯದ ಕೊನೆಯಲ್ಲಿ ಪ್ರಿಪೊಸಿಷನ್ ಇರಲೇಬಾರದು ಎಂದು ಶಾಲೆಯಲ್ಲಿ ಹೇಳಿಕೊಟ್ಟದ್ದು ಹಲವರಿಗೆ ನೆನಪಿರಬಹುದು. ಕವಿ ಜಾನ್ ಡ್ರೈಡನ್ 1672ರಲ್ಲಿ ಬೆನ್ ಜಾನ್ಸನ್‌ರ ಬರಹದಲ್ಲಿ ಈ ತಪ್ಪು ಹುಡುಕಿದ್ದರು. ಇಂದಿನ ವ್ಯಾಕರಣಕಾರರು ಅದನ್ನು ತಪ್ಪೆಂದು ಎಣಿಸುವುದಿಲ್ಲ, ನಾವೂ ಹೆದರಬೇಕಾಗಿಲ್ಲ.

ಸನ್ಮಾನದ ವರದಿಗಳಲ್ಲಿ 'ಪ್ರೆಸೆಂಟ್', 'ಪ್ರೊವೈಡ್' ಎಂಬ ಪದಗಳು ಮತ್ತೆ ಮತ್ತೆ ಬರುತ್ತವೆ. ವ್ಯಕ್ತಿ ಮೊದಲು ಬಂದರೆ ವಸ್ತುವಿಗೆ 'ವಿತ್'. 'ಪ್ರೆಸೆಂಟೆಡ್ ಹಿಮ್ ವಿತ್ ಎ ಶಾಲ್'. ವಸ್ತು ಮೊದಲು ಬಂದರೆ ವ್ಯಕ್ತಿಗೆ 'ಟು'. 'ಕಂಗ್ರಾಚುಲೇಟ್' ಪದಕ್ಕೆ 'ಆನ್', 'ಥ್ಯಾಂಕ್' ಪದಕ್ಕೆ 'ಫಾರ್'. ಏಕೆ ಎಂದು ಕೇಳಿದರೆ ಉತ್ತರವಿಲ್ಲ, ರೂಢಿ ಅಷ್ಟೇ. ಮರಣದ ಸುದ್ದಿಯಲ್ಲಿ ಕಾಯಿಲೆಯಾದರೆ 'ಡೈಡ್ ಆಫ್ ಕ್ಯಾನ್ಸರ್', ಅಪಘಾತವಾದರೆ 'ಡೈಡ್ ಇನ್ ಎನ್ ಆ್ಯಕ್ಸಿಡೆಂಟ್'. ದುಃಖದ ಮನೆಯವರು ಜೋಪಾನವಾಗಿ ತೆಗೆದಿಡುವ ಬರಹ ಅದಾದುದರಿಂದ ಇಲ್ಲಿ ಎರಡು ಸಲ ಓದಿ ನೋಡುವುದು ಒಳ್ಳೆಯದು.

'ಸಬ್‌ಸ್ಟಿಟ್ಯೂಟ್' ಎಂಬ ಪದ ಬಲ್ಲವರನ್ನೂ ಗೊಂದಲಕ್ಕೆ ಹಾಕುತ್ತದೆ. 'ಸಬ್‌ಸ್ಟಿಟ್ಯೂಟ್ ಪೀಟರ್ ಫಾರ್ ಜಾನ್' ಎಂದರೆ ಪೀಟರ್ ಒಳಗೆ, ಜಾನ್ ಹೊರಗೆ. 'ರಿಪ್ಲೇಸ್ ಪೀಟರ್ ವಿತ್ ಜಾನ್' ಎಂದರೆ ನೇರ ತದ್ವಿರುದ್ಧ. ವಾಚಕರ ಪಟ್ಟಿ ತಿದ್ದುವಾಗ ಇದು ನೆನಪಿರಲಿ.

ಆಮಂತ್ರಣದ ಪತ್ರಗಳ ಕೊನೆಯ ಸಾಲಿಗೂ ಒಂದು ಮಾತು. 'ಲುಕ್ ಫಾರ್ವರ್ಡ್ ಟು' ಎಂಬಲ್ಲಿನ 'ಟು' ಪ್ರಿಪೊಸಿಷನ್. ಅದರ ಮುಂದೆ 'ಮೀಟಿಂಗ್ ಯು' ಬರಬೇಕು, 'ಮೀಟ್ ಯು' ಅಲ್ಲ. 'ಆಬ್ಜೆಕ್ಟ್ ಟು' ಮತ್ತು 'ವಿತ್ ಎ ವ್ಯೂ ಟು' ಕೂಡ ಇದೇ ಜಾತಿಗೆ ಸೇರಿದವು.

ಎಲ್ಲವನ್ನೂ ಬಾಯಿಪಾಠ ಮಾಡುವುದು ಆಗದ ಕೆಲಸ. ಕಲಿಯುವವರಿಗೆಂದೇ ಮಾಡಿದ ನಿಘಂಟು ಕಚೇರಿಯಲ್ಲಿ ಒಂದಿದ್ದರೆ ಸಾಕು. ಆಕ್ಸ್‌ಫರ್ಡ್ ಪ್ರಕಟಿಸುವ ಇಂಥ ನಿಘಂಟಿನ ಮೂಲ ರೂಪವನ್ನು ಎ. ಎಸ್. ಹಾರ್ನ್‌ಬಿಯವರು ಇಬ್ಬರು ಸಹೋದ್ಯೋಗಿಗಳೊಂದಿಗೆ ಜಪಾನಿನಲ್ಲಿ ಕಲಿಸುತ್ತಿದ್ದಾಗ ಸಿದ್ಧಪಡಿಸಿದರು. ಅದು 1942ರಲ್ಲಿ ಟೋಕಿಯೊದಲ್ಲಿ ಪ್ರಕಟವಾಯಿತು. ಜಪಾನಿ ಭಾಷೆಯಲ್ಲೂ ಸಂಬಂಧ ತೋರಿಸುವ ಪದ ನಾಮಪದದ ನಂತರವೇ ಬರುತ್ತದೆ. ಅಲ್ಲಿನ ವಿದ್ಯಾರ್ಥಿಗಳ ಕಷ್ಟ ನಮ್ಮದೇ ಕಷ್ಟ. ನಿಘಂಟು ತೆರೆದಾಗ ಅರ್ಥವನ್ನಷ್ಟೇ ನೋಡಿ ಮುಚ್ಚಬೇಡಿ. ಅರ್ಥದ ಕೆಳಗಿನ ಉದಾಹರಣೆ ವಾಕ್ಯದಲ್ಲಿ ಆ ಕ್ರಿಯಾಪದದ ಪಕ್ಕ ಏನಿದೆ ಎಂದು ನೋಡಿ. ಜಾಲತಾಣದಲ್ಲೂ ಇಂಥ ನಿಘಂಟುಗಳು ಉಚಿತವಾಗಿ ಸಿಗುತ್ತವೆ.

ಈಗ ಕಂಪ್ಯೂಟರು, ಮೊಬೈಲುಗಳೇ ತಿದ್ದಿಕೊಡುತ್ತವೆ ಎಂದು ಯುವಜನರು ಹೇಳುತ್ತಾರೆ. 'ಡಿಸ್ಕಸ್ ಅಬೌಟ್' ಎಂದು ಬರೆದರೆ ಅವು ಹಿಡಿದಾವು. ಆದರೆ 'ಅಗ್ರೀ ಟು' ಎಂಬುದರ ಕೆಳಗೆ ಯಾವ ಕೆಂಪು ಗೆರೆಯೂ ಮೂಡುವುದಿಲ್ಲ, ಏಕೆಂದರೆ ವ್ಯಾಕರಣದ ಪ್ರಕಾರ ಅದು ಸರಿಯೇ. ಮಾಡು ಈಗಲೇ ಬಿಚ್ಚಬೇಕೋ, ಹಣ ಕೂಡಿದ ಮೇಲೆ ಬಿಚ್ಚಬೇಕೋ ಎಂಬುದು ಮೊಬೈಲಿಗೆ ಹೇಗೆ ತಿಳಿದೀತು?