ಕಾಲುವೆ ನೀರಿಗೆ ಎರಡು ಕೆಲಸ

ಹೊಲಕ್ಕೆ ಹೊರಟ ನೀರು ದಾರಿಯಲ್ಲೇ ಕರೆಂಟ್ ಕೊಟ್ಟು ಹೋದರೆ ಹೇಗೆ? ಯಾದಗಿರಿ ಜಿಲ್ಲೆಯ ಶಹಾಪುರ, ಸುರಪುರ ಸೀಮೆಯ ಕಾಲುವೆಗಳಲ್ಲಿ ಇದನ್ನು ಮಾಡಿ ತೋರಿಸಿದ್ದಾರೆ.

ಕೃಷ್ಣೆಯ ನೀರು ನಾರಾಯಣಪುರದ ಬಸವಸಾಗರ ಜಲಾಶಯದಿಂದ ಎಡದಂಡೆ ಕಾಲುವೆಗೆ, ಅಲ್ಲಿಂದ ಶಹಾಪುರ ಶಾಖಾ ಕಾಲುವೆಗೆ ಬರುತ್ತದೆ. ಇಳಿಜಾರಿನಲ್ಲಿ ನೀರಿನ ರಭಸಕ್ಕೆ ಕಾಲುವೆ ಕೊರೆದುಹೋಗಬಾರದು ಅಂತ ಅಲ್ಲಲ್ಲಿ ಮೆಟ್ಟಿಲು ಕಟ್ಟಿ ನೀರು ಇಳಿಸುತ್ತಾರೆ. ಅಂಥ ಇಳಿತದಲ್ಲೇ ಟರ್ಬೈನ್ ಕೂರಿಸುವುದು.

ಲೆಕ್ಕ ಸರಳ: ಸೆಕೆಂಡಿಗೆ 10 ಘನ ಮೀಟರ್ ನೀರು 5 ಮೀಟರ್ ಇಳಿದರೆ ಸುಮಾರು 400 ಕಿಲೋವ್ಯಾಟ್. ಹೊಸ ಅಣೆಕಟ್ಟು ಬೇಡ, ಊರು ಮುಳುಗಲ್ಲ. ಟರ್ಬೈನ್ ತಿರುಗಿಸಿದ ನೀರೇ ಮುಂದೆ ಭತ್ತ, ಹತ್ತಿಗೆ ಹರಿಯುತ್ತದೆ.

ತೊಡಕೂ ಇದೆ. ನೀರು ಬಿಡುವುದು ಬೆಳೆ ನೋಡಿ, ಕರೆಂಟ್ ನೋಡಿ ಅಲ್ಲ. ಬೇಸಿಗೆಯಲ್ಲಿ ಕಾಲುವೆ ಬಂದ್ ಆದರೆ ಟರ್ಬೈನೂ ಬಂದ್!

ನಿಮ್ಮೂರ ಕಾಲುವೆಯಲ್ಲಿ ಇಂಥ ಇಳಿತ ಎಲ್ಲಿದೆ? ಕಮೆಂಟ್ ಮಾಡಿ.