ಗಡ್ಡೆಯೆಲ್ಲ ಕ್ಯಾನ್ಸರ್ ಅಲ್ಲ: ಗದ್ದೆಯ ಮಣ್ಣಿನಿಂದ ತಗಲುವ ಮೆಲಿಯಾಯ್ಡೋಸಿಸ್

ವಿಶ್ವೇಶ್ವರಯ್ಯ ನಾಲೆಗೆ ನೀರು ಬಿಟ್ಟೊಡನೆ ಮಂಡ್ಯ, ಮದ್ದೂರು ಮತ್ತು ಮಳವಳ್ಳಿ ತಾಲ್ಲೂಕುಗಳ ರೈತ ಬಾಂಧವರು ಗದ್ದೆಗೆ ಇಳಿಯುತ್ತಾರೆ. ಕೆಸರು ಮಾಡುವುದು, ಸಸಿ ಕೀಳುವುದು, ನಾಟಿ, ಕಳೆ ಎಂದು ಬಹಳ ದಿನ ಬರಿಗಾಲಿನಲ್ಲೇ ಕೆಲಸ ನಡೆಯುತ್ತದೆ. ಕಾಲಿಗೆ ಮುಳ್ಳು ಚುಚ್ಚಿದರೆ, ಕುಡುಗೋಲು ತಾಗಿದರೆ ಯಾರೂ ಲೆಕ್ಕಕ್ಕೆ ಇಡುವುದಿಲ್ಲ. ಬೆಳೆಯ ರೋಗಗಳ ಬಗ್ಗೆ ಬರೆಯುವ ನಾವು ಈ ಸಲ, ಬೆಳೆಯುವವರಿಗೇ ಮಣ್ಣಿನಿಂದ ತಗಲಬಹುದಾದ ಒಂದು ವಿರಳ ರೋಗವನ್ನು ಕುರಿತು ತಿಳಿಸಬಯಸುತ್ತೇವೆ.

ಈ ರೋಗವೇ ಮೆಲಿಯಾಯ್ಡೋಸಿಸ್. ಬರ್ಖೋಲ್ಡೇರಿಯ ಸ್ಯೂಡೋಮ್ಯಾಲೈ ಎಂಬ ಬ್ಯಾಕ್ಟೀರಿಯ ಇದಕ್ಕೆ ಕಾರಣ. ಇದು ಉಷ್ಣವಲಯದ ತೇವದ ಮಣ್ಣು ಮತ್ತು ನಿಂತ ನೀರಿನಲ್ಲಿ ಬದುಕುತ್ತದೆ. ವಿಟ್ಮೋರ್ ಮತ್ತು ಕೃಷ್ಣಸ್ವಾಮಿ ಎಂಬ ವೈದ್ಯರು ರಂಗೂನಿನಲ್ಲಿ ಇದನ್ನು ಕಂಡು 1912ರಲ್ಲಿ ಪ್ರಕಟಿಸಿದರು. ನಮ್ಮ ರಾಜ್ಯದಲ್ಲಿ ಮಣಿಪಾಲದ ಕಸ್ತೂರಬಾ ವೈದ್ಯಕೀಯ ಕಾಲೇಜಿನ ವೈದ್ಯರು ಕರಾವಳಿಯಲ್ಲಿ ಹಲವಾರು ರೋಗಿಗಳನ್ನು ಪತ್ತೆಮಾಡಿದ್ದಾರೆ. ಮಳೆಗಾಲದಲ್ಲಿ, ಅದರಲ್ಲೂ ಸಕ್ಕರೆ ಕಾಯಿಲೆ ಇರುವವರಲ್ಲಿ, ಇದು ಹೆಚ್ಚು.

ಕ್ಯಾನ್ಸರ್ ಎಂದು ತಪ್ಪು ತಿಳಿಯುವುದೇಕೆ? ರೋಗಾಣು ಗಾಯದ ಮೂಲಕ, ಉಸಿರಿನ ಮೂಲಕ ಅಥವಾ ಕುಡಿಯುವ ನೀರಿನಿಂದ ದೇಹ ಸೇರಿ ಶ್ವಾಸಕೋಶ, ಪಿತ್ತಜನಕಾಂಗ, ಗುಲ್ಮ, ಪ್ರಾಸ್ಟೇಟ್ ಗ್ರಂಥಿಗಳಲ್ಲಿ ಕೀವುಗಡ್ಡೆ ಕಟ್ಟುತ್ತದೆ. ತಿಂಗಳುಗಟ್ಟಲೆ ಜ್ವರ, ಕೆಮ್ಮು, ತೂಕ ಇಳಿಕೆ ಇರಬಹುದು. ಎಕ್ಸ್-ರೇ, ಸ್ಕ್ಯಾನ್‌ಗಳಲ್ಲಿ ಗಡ್ಡೆ ಕ್ಯಾನ್ಸರಿನಂತೆ, ಇಲ್ಲವೇ ಕ್ಷಯದಂತೆ ಕಾಣುತ್ತದೆ. ಕ್ಷಯದ ಔಷಧಿ ಇದನ್ನು ಗುಣಪಡಿಸದು. ಕ್ಯಾನ್ಸರಿನ ಔಷಧಿಯಾದರೋ ದೇಹದ ರೋಗನಿರೋಧಕ ಶಕ್ತಿಯನ್ನು ಕುಗ್ಗಿಸಿ ರೋಗ ಉಲ್ಬಣಿಸುವಂತೆ ಮಾಡಬಹುದು.

ಕೀವು, ರಕ್ತ, ಕಫ ಅಥವಾ ಗಡ್ಡೆಯ ತುಣುಕನ್ನು ಪ್ರಯೋಗಶಾಲೆಯಲ್ಲಿ ಕಲ್ಚರ್ ಮಾಡಿಸಿದರೆ ನಿಜ ತಿಳಿಯುತ್ತದೆ. ಚಿಕಿತ್ಸೆ ಎರಡು ಹಂತದ್ದು: ಮೊದಲು ಕನಿಷ್ಠ 10ರಿಂದ 14 ದಿನ ಆಸ್ಪತ್ರೆಯಲ್ಲಿ ಚುಚ್ಚುಮದ್ದು, ಆನಂತರ 3 ತಿಂಗಳು ಅಥವಾ ಹೆಚ್ಚು ಕಾಲ ಮಾತ್ರೆ. ಮೈ ಹಗುರಾಯಿತೆಂದು ಮಾತ್ರೆ ನಿಲ್ಲಿಸಿದರೆ ರೋಗ ಮರುಕಳಿಸುತ್ತದೆ.

ರೈತರು ಗಮನಿಸಬೇಕಾದ ಅಂಶಗಳು:

1. ಸಕ್ಕರೆ ಕಾಯಿಲೆಯನ್ನು ಹತೋಟಿಯಲ್ಲಿಡಿ.
2. ಗಾಯವಿದ್ದಾಗ ಕೆಸರಿಗೆ ಇಳಿಯಬೇಡಿ. ಇಳಿಯಲೇಬೇಕಾದರೆ ಗಾಯ ಮುಚ್ಚಿ ಗಮ್ ಬೂಟು ಧರಿಸಿ.
3. ಕೆಲಸ ಮುಗಿದೊಡನೆ ಶುದ್ಧ ನೀರು, ಸೋಪಿನಿಂದ ಕೈಕಾಲು ತೊಳೆಯಿರಿ.
4. ಕಾಯಿಸಿ ಆರಿಸಿದ ನೀರನ್ನು ಕುಡಿಯಿರಿ.
5. ಜ್ವರ ವಾರಗಟ್ಟಲೆ ಬಿಡದಿದ್ದರೆ, ಗಡ್ಡೆ ಕಂಡರೆ, ತಡಮಾಡದೆ ಆಸ್ಪತ್ರೆಗೆ ಹೋಗಿ.

ಗಡ್ಡೆ ಕ್ಯಾನ್ಸರೇ ಆಗಿರಲೂಬಹುದು. ಆದ್ದರಿಂದ ಪರೀಕ್ಷೆಯನ್ನು ಮುಂದೂಡುವುದು ಸಲ್ಲದು. ಆದರೆ ವೈದ್ಯರ ಮುಂದೆ "ನಾನು ಗದ್ದೆಯಲ್ಲಿ ಕೆಲಸ ಮಾಡುವವನು, ಸಕ್ಕರೆ ಕಾಯಿಲೆ ಇದೆ" ಎಂಬ ಮಾತನ್ನು ಮರೆಯದೆ ಹೇಳಿ. ಈ ಒಂದು ಮಾತು ಸರಿಯಾದ ಪರೀಕ್ಷೆಗೆ ದಾರಿಯಾಗಿ ಜೀವ ಉಳಿಸಬಲ್ಲದು.